ರಿಜಿಸ್ಟರಿನಲ್ಲಿ ಮಲಗಿದ ಡ್ರೈವರ್

ನಮ್ಮ ಟ್ರಾನ್ಸ್‌ಪೋರ್ಟ್ ಕಂಪನಿಯ ಡ್ರೈವರ್‌ಗಳಷ್ಟು ಶಿಸ್ತಿನವರು ದೇಶದಲ್ಲೇ ಸಿಗಲಿಕ್ಕಿಲ್ಲ. ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಸ್ಟೇರಿಂಗ್ ಹಿಡಿಯುತ್ತಾರೆ. ಒಬ್ಬ ಚಿತ್ರದುರ್ಗದಲ್ಲಿರಲಿ, ಇನ್ನೊಬ್ಬ ಶಿರಾಡಿ ಘಾಟಿಯ ತಿರುವಿನಲ್ಲಿರಲಿ, ಮಧ್ಯಾಹ್ನ ಒಂದು ಹೊಡೆದರೆ ಎಲ್ಲರಿಗೂ ಒಟ್ಟಿಗೆ ಹಸಿವಾಗುತ್ತದೆ. ಸಂಜೆ ಆರಕ್ಕೆ ಗಾಡಿ ಸೈಡಿಗೆ ಹಾಕಿ ಮಲಗಿಬಿಡುತ್ತಾರೆ. ನಂಬಿಕೆ ಬರದಿದ್ದರೆ ನಮ್ಮ ರಿಜಿಸ್ಟರ್ ನೋಡಿ. ಬರೆಯುವವನು ನಾನೇ. ತಿಂಗಳ ಕೊನೆಗೆ ಒಂದೇ ಸಲ ಕೂತು ಮುಗಿಸುತ್ತೇನೆ. ಇನ್‌ಸ್ಪೆಕ್ಟರ್ ಬರುವ ಸುದ್ದಿ ಇದ್ದರೆ ಮಾತ್ರ ನಡುನಡುವೆ ಪೆನ್ನು ಬದಲಾಯಿಸುತ್ತೇನೆ. ನೋಡಿದವರಿಗೆ ನಿಜ ಅನ್ನಿಸಬೇಕಲ್ವಾ?

ಕಾನೂನಿನಲ್ಲಿ ತಪ್ಪು ಹುಡುಕಬೇಡಿ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯಿದೆಯೇ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅಂತ ಹೇಳಿತ್ತು. ದೂರದ ರೂಟ್ ಆದರೆ ಅನುಮತಿ ಪಡೆದು ದಿನಕ್ಕೆ 10, ವಾರಕ್ಕೆ 54. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ಬಿಡುವು. 1988ರ ಮೋಟಾರು ವಾಹನ ಕಾಯಿದೆ ತನ್ನ 91ನೇ ಸೆಕ್ಷನ್‌ನಲ್ಲಿ ಅದಕ್ಕೇ ತಲೆಯಾಡಿಸಿತು. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆ ಜಾರಿಗೆ ಬಂದು 1961ರದ್ದನ್ನು ನುಂಗಿತು. ಎಂಟು ಗಂಟೆ ಎಂಟಾಗಿಯೇ ಉಳಿಯಿತು. ಆದರೆ ಹಳೆಯದು 5 ಕೆಲಸಗಾರರಿದ್ದ ಕಂಪನಿಗೂ ಅನ್ವಯಿಸುತ್ತಿತ್ತು, ಹೊಸದಕ್ಕೆ 10 ಜನ ಬೇಕು. ಒಂಬತ್ತನೆಯವನ ತನಕ ಯಾರಿಗೂ ನಿದ್ದೆ ಬರುವುದಿಲ್ಲ ಅಂತ ಯಾರೋ ಲೆಕ್ಕ ಹಾಕಿರಬೇಕು. ಇದು ಕಿವಿಗೆ ಬಿದ್ದ ದಿನವೇ ನಮ್ಮ ಓನರ್ ಬಾಮೈದನ ಹೆಸರಿನಲ್ಲಿ ಇನ್ನೊಂದು ಕಂಪನಿ ಶುರು ಮಾಡುವ ಮಾತಾಡಿದರು.

ನನಗೆ ತುಂಬಾ ಇಷ್ಟವಾಗಿದ್ದು ಹಳೆ ಕಾಯಿದೆಯ ಇನ್ನೊಂದು ಸಾಲು. ಟರ್ಮಿನಲ್‌ನಲ್ಲಿ ಡ್ರೈವರ್ ಸುಮ್ನೆ ಕಾಯುತ್ತ ಕೂತರೆ ಅದೂ ಕೆಲಸದ ಹೊತ್ತೇ. ಆದರೆ 15 ನಿಮಿಷಕ್ಕಿಂತ ಕಡಿಮೆ ಇರಬೇಕು. ಹದಿನಾಲ್ಕು ನಿಮಿಷ ಕಾದರೆ ದುಡಿಮೆ. ಹದಿನೈದು ಆಯಿತೋ, ದುಡಿಮೆ ಅಲ್ಲ. ಗೋಡೌನ್ ಮುಂದೆ ಲೋಡಿಂಗ್‌ಗೆ ಅಂತ ರಾತ್ರಿಯಿಡೀ ಸಾಲಿನಲ್ಲಿ ನಿಂತ ಡ್ರೈವರ್ ಯಾವ ಲೆಕ್ಕಕ್ಕೆ? ಸಾಲು ಯಾವಾಗ ಜರುಗುತ್ತದೋ ಗೊತ್ತಿಲ್ಲ. ಕಣ್ಣು ಮುಚ್ಚಿದರೆ ಹಿಂದಿನವನು ಗಾಡಿ ನುಗ್ಗಿಸುತ್ತಾನೆ. ಬೆಳಗ್ಗೆ ಆರಕ್ಕೆ ಲೋಡ್ ಆಗಿ, ಹಗ್ಗ ಬಿಗಿದು, ತಾರ್ಪಾಲು ಹೊದಿಸಿ ಅವನು ಫೋನ್ ಮಾಡಿದರೆ ಓನರ್ ಅನ್ನುವುದಿಷ್ಟೇ: ‘ರಾತ್ರಿಯೆಲ್ಲಾ ರೆಸ್ಟ್ ಆಗಿದೆಯಲ್ಲಪ್ಪಾ, ಇನ್ನೇನು, ಹೊರಡು.’

ಸರಕಿಗೆ ಮಾತ್ರ ಭಾರಿ ಮರ್ಯಾದೆ. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಪರವಾನಗಿ ಚೀಟಿ ಇ-ವೇ ಬಿಲ್‌ಗೆ 2021ರ ಜನವರಿಯಿಂದ 200 ಕಿಲೋಮೀಟರಿಗೆ ಒಂದು ದಿನದ ಆಯಸ್ಸು. ಬೆಂಗಳೂರಿನಿಂದ ಮುಂಬೈ ಕಡೆಗೆ ಸುಮಾರು 1,000 ಕಿಲೋಮೀಟರ್. ಲಾರಿಯಲ್ಲಿರುವ ಪ್ಲಾಸ್ಟಿಕ್ ಕುರ್ಚಿಗಳಿಗೆ ಹತ್ತಿರ ಹತ್ತಿರ ಐದು ದಿನ ಆರಾಮಾಗಿ ಪ್ರಯಾಣ ಮಾಡಲು ಸರ್ಕಾರದ ಒಪ್ಪಿಗೆ ಇದೆ. ಅವನ್ನು ಹೊತ್ತೊಯ್ಯುವ ಡ್ರೈವರ್‌ಗೆ ಮಾತ್ರ ‘ನಾಳೆ ರಾತ್ರಿಯೊಳಗೆ ಭಿವಂಡಿ ಮುಟ್ಟಬೇಕು’ ಅನ್ನೋ ಆರ್ಡರ್. ಕುರ್ಚಿಗೆ ಕಾಲುನೋವು ಬರುತ್ತದೆ, ಅವನಿಗೆ ಬರುವುದಿಲ್ಲ.

ಹಾಗಂತ ಯಾರೂ ಲಾರಿ ಮೇಲೆ ಕಣ್ಣಿಟ್ಟಿಲ್ಲ ಅಂದುಕೊಳ್ಳಬೇಡಿ. ರಾತ್ರಿ 2.40ಕ್ಕೆ ಓನರ್ ಫೋನಿಗೆ ಫಾಸ್ಟ್ಯಾಗ್ ದುಡ್ಡು ಕಡಿತವಾದ ಮೆಸೇಜ್ ಬರುತ್ತದೆ. ಬೆಳಗಾಗುವಷ್ಟರಲ್ಲಿ ಮುಂದಿನ ಟೋಲ್‌ನದ್ದು, ಅದರ ಮುಂದಿನದ್ದು. ನನ್ನ ರಿಜಿಸ್ಟರ್ ಪ್ರಕಾರ ಆ ಹೊತ್ತಿಗೆ ಡ್ರೈವರ್ ದಾವಣಗೆರೆ ಹತ್ತಿರ ಗೊರಕೆ ಹೊಡೆಯುತ್ತಿರುತ್ತಾನೆ. ಹಾಗಾದರೆ ಟೋಲ್ ದಾಟಿದ್ದು ಲಾರಿ ಒಂದೇ ಇರಬೇಕು. ಎರಡೂ ಲೆಕ್ಕ ಪಕ್ಕಪಕ್ಕ ಇಟ್ಟು ನೋಡಲು ಇವತ್ತಿನವರೆಗೆ ಯಾರಿಗೂ ಪುರುಸೊತ್ತಾಗಿಲ್ಲ.

ಅಪರೂಪಕ್ಕೊಮ್ಮೆ ಬಿಲ್ಲಿನ ಅವಧಿ ಮುಗಿದುಬಿಡುತ್ತದೆ. ಮುಗಿಯುವ 8 ಗಂಟೆ ಮುಂಚೆ ಇಲ್ಲವೇ 8 ಗಂಟೆ ಆಮೇಲೆ, ಅಷ್ಟರೊಳಗೆ ವಿಸ್ತರಿಸಿಕೊಳ್ಳಬಹುದು. ಸರಕಿಗೆ ಹೆಚ್ಚುವರಿ ದಿನ ಕೊಡುವ ಮುಂಚೆ ಪೋರ್ಟಲ್ ಕಾರಣ ಕೇಳುತ್ತದೆ. ಪ್ರಕೃತಿ ವಿಕೋಪ, ಕಾನೂನು ಸುವ್ಯವಸ್ಥೆ, ಸರಕು ಬೇರೆ ಗಾಡಿಗೆ ವರ್ಗಾವಣೆ, ಅಪಘಾತ, ಇತರೆ. ‘ಡ್ರೈವರ್ ನಿದ್ದೆ ಮಾಡಿದ’ ಅನ್ನುವುದು ಪಟ್ಟಿಯಲ್ಲಿಲ್ಲ. ನಿದ್ದೆ ಮಾಡದೇ ಇದ್ದರೆ ಆಗುವುದಕ್ಕೆ ಮಾತ್ರ ಪ್ರತ್ಯೇಕ ಜಾಗ ಇದೆ.

ಅಂಥದ್ದೇನಾದರೂ ಆದರೆ ನನ್ನ ರಿಜಿಸ್ಟರಿಗೆ ಎಲ್ಲಿಲ್ಲದ ಬೆಲೆ. ಎಫ್‌ಐಆರ್‌ನಲ್ಲಿ ‘ಅತಿವೇಗ ಮತ್ತು ಅಜಾಗರೂಕತೆ’ ಅನ್ನುವುದು ಹೇಗೂ ಇರುತ್ತದೆ. ಹಿಂದಿನ ದಿನ ಸಂಜೆ ಆರರಿಂದ ಅವನು ಮಲಗಿಯೇ ಇದ್ದ ಅನ್ನೋದಕ್ಕೆ ನನ್ನ ಕೈಬರಹವೇ ಸಾಕ್ಷಿ. ಇಷ್ಟು ನಿದ್ದೆ ಮಾಡಿಯೂ ಡಿವೈಡರ್‌ಗೆ ಗುದ್ದಿದ ಅಂದರೆ ತಪ್ಪು ಅವನದ್ದೇ ತಾನೆ? ಕಂಪನಿ ಏನು ಮಾಡಲಾದೀತು!

ಸುಧಾರಣೆಯೂ ನಡೆಯುತ್ತಿದೆ, ಇಲ್ಲ ಅನ್ನುವ ಹಾಗಿಲ್ಲ. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್‌ಗೆ ಎಸಿ ಕಡ್ಡಾಯ. ಒಳ್ಳೆಯದೇ. ಬಿಸಿಲಲ್ಲಿ ಬೆಂದವರಿಗೇ ಅದರ ಬೆಲೆ ಗೊತ್ತು. ನಮ್ಮ ಓನರ್ ಮಾತ್ರ ‘ಎಸಿಯಲ್ಲಿ ಕೂತವನಿಗೆ ಸುಸ್ತೆಂಥದ್ದು?’ ಅಂತ ಆಗಲೇ ಟ್ರಿಪ್ ಲೆಕ್ಕ ಹಾಕುತ್ತಿದ್ದಾರೆ.

2021ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಪೈಲಟ್‌ಗಳ ಹಾಗೆ ಲಾರಿ ಚಾಲಕರಿಗೂ ಗಂಟೆ ನಿಗದಿಯಾಗಬೇಕು ಅಂದಿದ್ದರು. ನಿಗದಿಯಾಗಿ ಆಗಲೇ 60 ವರ್ಷ ಆಗಿತ್ತು. ಅದೇ ವೇಳೆ, ಡ್ರೈವರ್ ತೂಕಡಿಸಿದರೆ ಕಂಡುಹಿಡಿಯುವ ಸೆನ್ಸರ್ ಬಗ್ಗೆಯೂ ಹೇಳಿದ್ದರು. ಗಂಟೆಯ ವಿಷಯ ನಮ್ಮ ಓನರ್ ಕಿವಿಗೆ ಬೀಳಲೇ ಇಲ್ಲ. ಸೆನ್ಸರ್ ಮಾತ್ರ ಸರಿಯಾಗಿ ಬಿತ್ತು. ನನ್ನನ್ನು ಕರೆದು ಕೇಳಿದರು:

‘ಅದರ ಮೆಸೇಜ್ ನನ್ನ ಫೋನಿಗೂ ಬರುತ್ತಾ?’

‘ಬರೋ ಹಾಗೆ ಮಾಡಬಹುದು ಸಾರ್. ಕ್ಯಾಬಿನ್ ಒಳಗೂ ಬೀಪ್ ಅಂತ ಕೂಗುತ್ತಂತೆ.’

‘ಹಾಗಾದ್ರೆ ಎಲ್ಲಾ ಗಾಡಿಗೂ ಹಾಕ್ಸು. ಡ್ರೈವರ್‌ನ ಎಬ್ಬಿಸಿ ಕೂರಿಸೋಕೆ ಅಂತ ಒಬ್ಬ ಕ್ಲೀನರ್‌ಗೆ ಸುಮ್ನೆ ಸಂಬಳ ಕೊಡ್ತಿದ್ದೀವಿ.’