ರೇಟು ಬಿದ್ದರೆ ರೆಸಿಪಿ

ಬೇರೆ ಊರಿನವರು ನಾಲಿಗೆ ಚಪಲಕ್ಕೆ ಹೊಸ ಅಡುಗೆ ಮಾಡುತ್ತಾರೆ. ಕೋಲಾರದಲ್ಲಿ ನಾವು ಮಾರ್ಕೆಟ್ ರೇಟು ನೋಡಿಕೊಂಡು ಮಾಡುತ್ತೇವೆ. ಎಪಿಎಂಸಿಯಲ್ಲಿ ಟೊಮ್ಯಾಟೊ ರೇಟು ಏರಿದರೆ ನಮ್ಮನೆಯಲ್ಲಿ ಹುಣಸೆಹಣ್ಣಿನ ಸಾರು. ಬಿದ್ದರೆ ಇಟಲಿ, ಮೆಕ್ಸಿಕೊ, ಸ್ಪೇನ್.

ಇದಕ್ಕೆಲ್ಲ ಮೂಲ ನನ್ನ ಮೈದುನ. ಮುಳಬಾಗಿಲು ಕಡೆ ಅವರದು ಟೊಮ್ಯಾಟೊ ತೋಟ. ಇಲ್ಲಿ ಲೆಕ್ಕವೆಲ್ಲ ಕ್ರೇಟಿನಲ್ಲಿ, ಒಂದು ಕ್ರೇಟಿಗೆ 15 ಕೆಜಿ. 2023ರ ಜುಲೈನಲ್ಲಿ ಒಂದು ಕ್ರೇಟು 2000 ರೂಪಾಯಿ ಮುಟ್ಟಿದಾಗ ರೈತರು ರಾತ್ರಿಯೆಲ್ಲ ಹೊಲ ಕಾದರು. ಆ ಸಲ ನಮ್ಮನೆಗೆ ಬಂದ ಮೈದುನನ ಕೈಯಲ್ಲಿ ಸ್ವೀಟ್ ಬಾಕ್ಸ್ ಇತ್ತು, ಟೊಮ್ಯಾಟೊ ಇರಲಿಲ್ಲ. ರೇಟು ಬಿದ್ದಾಗ ಕಥೆಯೇ ಬೇರೆ. ಕೀಳುವ ಕೂಲಿ, ಗಾಡಿ ಬಾಡಿಗೆ, ಮಂಡಿ ಕಮಿಷನ್ ಎಲ್ಲ ಕಳೆದರೆ ಕೈಯಿಂದಲೇ ಹಾಕಬೇಕು. ಎಷ್ಟೋ ಜನ ರಸ್ತೆ ಬದಿಗೇ ಸುರಿದು ಹೋಗುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತೆ. ಸುರಿಯಲು ಮನಸ್ಸು ಬಾರದ ಮೈದುನ ಸೀದಾ ನಮ್ಮನೆಗೆ ತರುತ್ತಾರೆ. "ಅತ್ತಿಗೆ, ಏನಾದ್ರೂ ಮಾಡ್ಕೊಳ್ಳಿ" ಅಂತ ವರಾಂಡದಲ್ಲಿ ಕ್ರೇಟು ಇಳಿಸಿ, ಕಾಫಿ ಕುಡಿದು ಹೊರಡುತ್ತಾರೆ.

ಏನು ಮಾಡ್ಕೊಳ್ಳೋದು? ಸಾರು, ಗೊಜ್ಜು, ತೊಕ್ಕು, ಟೊಮ್ಯಾಟೊ ಬಾತ್ ಎಲ್ಲ ಮುಗಿದರೂ ಕ್ರೇಟಿನ ತಳ ಕಾಣುವುದಿಲ್ಲ. ಹಂಚೋಣ ಅಂದರೆ ಯಾರಿಗೆ? ಈ ಊರಲ್ಲಿ ಪ್ರತಿ ಮನೆಗೂ ಒಬ್ಬ ಮೈದುನ ಇದ್ದಾನೆ.

ಆಗ ಮಗಳು ಮೊಬೈಲ್ ಹಿಡಿದು ಬರುತ್ತಾಳೆ. ಮೊದಲು ಕಂಡಿದ್ದು ಕೆಚಪ್. ವಿಡಿಯೊದಲ್ಲಿ ಆ ಹೆಂಗಸು ಬಿಳಿ ಕುರ್ತಾ ಹಾಕಿಕೊಂಡು ಕೆಚಪ್ ಮಾಡುತ್ತಿದ್ದಳು. ಅದೇ ಅನುಮಾನಕ್ಕೆ ಕಾರಣ ಆಗಬೇಕಿತ್ತು. ಟೊಮ್ಯಾಟೊ ಬೇಯಿಸಿ, ರುಬ್ಬಿ, ಸೋಸಿ, ಚಕ್ಕೆ ಲವಂಗ ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಟ್ಟು ಕುದಿಸಬೇಕು. ಟೊಮ್ಯಾಟೊದಲ್ಲಿ ನೂರಕ್ಕೆ ತೊಂಬತ್ತರ ಮೇಲೆ ನೀರೇ ಇರುವುದು. ಅಷ್ಟು ನೀರು ಆವಿಯಾಗುವವರೆಗೆ ಒಲೆ ಮುಂದೆ ನಿಂತಿರಬೇಕು. ದೊಡ್ಡ ಪಾತ್ರೆ ತುಂಬಾ ಇಟ್ಟಿದ್ದು ಸಂಜೆಗೆ ಪುಟ್ಟ ಬೋಗುಣಿಗೆ ಇಳಿಯಿತು. "ಇಷ್ಟಕ್ಕೆ ಇಷ್ಟು ಗ್ಯಾಸಾ?" ಅಂದರು ಅತ್ತೆ. ಅವರ ಲೆಕ್ಕ ಸರಿ. ಅಂಗಡಿಯ ಬಾಟಲಿಯೇ ಅಗ್ಗ.

ತೆಳ್ಳಗಿರುವಾಗ ಅದು ಸುಮ್ನೆ ಕುದಿಯುತ್ತೆ, ಬಲು ಸಾಧು. ಗಟ್ಟಿಯಾದ ಮೇಲೆ ತಳದ ಆವಿಗೆ ಮೇಲೆ ಬರಲು ದಾರಿ ಸಿಗುವುದಿಲ್ಲ. ಒಳಗೇ ಗುಳ್ಳೆ ಕಟ್ಟಿ ಪಟ್ ಅಂತ ಸಿಡಿಯುತ್ತೆ. ಮೊದಲು ಟೈಲ್ಸ್ ಮೇಲೆ, ಆಮೇಲೆ ಮಿಕ್ಸಿ ಮೇಲೆ, ಕೊನೆಗೆ ಫ್ರಿಜ್ ಪಕ್ಕ ನೇತುಹಾಕಿದ್ದ ಪಂಚಾಂಗದ ಕ್ಯಾಲೆಂಡರ್ ಮೇಲೆ. ಅಲ್ಲಿ ಒಂದು ಹನಿ ಸರಿಯಾಗಿ ಬುಧವಾರದ ಅಂಕಿಯ ಮೇಲೆ ಕೂತಿತ್ತು. ಬೆಳಗ್ಗೆ ಮಾವ ಕನ್ನಡಕ ಏರಿಸಿ ನೋಡಿದರು. "ಬುಧವಾರ ಏನಮ್ಮಾ ರಜೆ? ಕೆಂಪಗಿದೆ." ನಾನು ಬಾಯಿ ತೆರೆಯುವ ಮೊದಲೇ ಮಗಳು "ಹೌದು ತಾತ, ಲೋಕಲ್ ಹಾಲಿಡೇ" ಅಂದುಬಿಟ್ಟಳು. ಬುಧವಾರ ಕಾಲೇಜಿಗೆ ಹೊರಡು ಅಂತ ನಾನು ಗದರಿದಾಗ ಮಾವ ಅವಳ ಪರ ವಾದ ಮಾಡಿದರು, ಕ್ಯಾಲೆಂಡರ್ ತೋರಿಸಿ.

ಕೆಚಪ್ ಕಥೆ ಅಲ್ಲಿಗೂ ನಿಲ್ಲಲಿಲ್ಲ. ಅದು ಕೆಡದೆ ಉಳಿಯುವುದು ಸಕ್ಕರೆ, ಉಪ್ಪು ಮತ್ತು ವಿನೆಗರ್ ಬಲದಿಂದ. ನಮ್ಮನೆಯಲ್ಲಿ ಏನಾಯಿತು ಅಂದರೆ, "ನನ್ನ ಮಗನಿಗೆ ಶುಗರ್ ಇದೆ" ಅಂತ ಅತ್ತೆ ಸಕ್ಕರೆಗೆ ಕತ್ತರಿ ಹಾಕಿದರು. "ಆ ಆಸಿಡ್ ಯಾಕೆ, ಟೊಮ್ಯಾಟೊನೇ ಹುಳಿ ಅಲ್ವಾ" ಅಂತ ಮಾವ ವಿನೆಗರ್‌ಗೆ. ಉಪ್ಪು ಕಮ್ಮಿ ಮಾಡಿಸಿದ್ದು ನಮ್ಮನೆಯವರ ಬಿಪಿ. ಇಷ್ಟು ಜನರ ಆರೋಗ್ಯ ಕಾಪಾಡಿದ ಕೆಚಪ್ ತನ್ನ ಆರೋಗ್ಯ ಕಳೆದುಕೊಂಡಿತು. ಶೆಲ್ಫಿನಲ್ಲಿದ್ದ ಬಾಟಲಿಯೊಳಗೆ ಮೆಲ್ಲಗೆ ಹುಳಿ ಬಂದು ಗ್ಯಾಸ್ ತುಂಬಿತ್ತು. ಒಂದು ಬೆಳಗ್ಗೆ ಇವರು ಆಫೀಸಿಗೆ ರೆಡಿಯಾಗಿ, ಇಸ್ತ್ರಿ ಶರಟು ಹಾಕಿ, ಉಪ್ಪಿಟ್ಟಿನ ಮುಂದೆ ಕೂತು ಮುಚ್ಚಳ ತಿರುಗಿಸಿದರು. ಅರ್ಧ ಸುತ್ತು ತಿರುಗಿತ್ತೋ ಇಲ್ಲವೋ, ಉಳಿದದ್ದನ್ನು ಬಾಟಲಿಯೇ ತಿರುಗಿಸಿಕೊಂಡಿತು. ಮುಚ್ಚಳ ಫ್ಯಾನಿಗೆ, ಕೆಚಪ್ಪು ಶರಟಿಗೆ. ಎದುರು ಮನೆಯವರು ಗಾಬರಿಯಾಗಿ ಓಡಿ ಬಂದರು. ಎದೆ ಹಿಡಿದುಕೊಂಡು ಕೂತಿದ್ದ ಇವರನ್ನು ನೋಡಿ ಆಂಬುಲೆನ್ಸ್‌ಗೆ ಫೋನ್ ಮಾಡಲು ಹೊರಟವರನ್ನು ಹಿಡಿದು ನಿಲ್ಲಿಸಬೇಕಾಯಿತು.

ಟೊಮ್ಯಾಟೊ ಸೂಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಿಸಿ ಸೂಪಿಗೆ ಹಾಲು ಹಾಕಿದೆ, ಹುಳಿಗೆ ಒಡೆಯಿತು. ಅತ್ತೆ ಬಗ್ಗಿ ನೋಡಿ, "ಸಾರಲ್ಲಿ ಪನೀರ್ ಬಂದಿದೆ, ಸೋಸಿಕೋ" ಅಂದರು.

ಇನ್ನೊಂದು ಇಟಲಿಯವರ ಬಿಸಿಲಿನ ಟೊಮ್ಯಾಟೊ. ಹಣ್ಣನ್ನು ಅರ್ಧ ಮಾಡಿ, ಉಪ್ಪು ಉದುರಿಸಿ, ಒಣಗಿಸಿ, ಎಣ್ಣೆಯಲ್ಲಿ ಹಾಕಿಡುವುದು. ಸಂಡಿಗೆ ಹಾಕಿ ಬೆಳೆದ ಮನೆತನ ನಮ್ಮದು, ಇದ್ಯಾವ ಲೆಕ್ಕ ಅಂದುಕೊಂಡೆ. ಆದರೆ ಸಂಡಿಗೆ ಒಣಗುವುದು ಯುಗಾದಿ ಮುಗಿದ ಮೇಲಿನ ಬಿಸಿಲಿಗೆ. ನಮ್ಮ ಟೊಮ್ಯಾಟೊ ರಾಶಿ ಬಿದ್ದದ್ದು ಆಷಾಢದಲ್ಲಿ. ಅಂತರಗಂಗೆ ಬೆಟ್ಟದ ಮೇಲೆ ಮೋಡ ಕೂತರೆ ಇಡೀ ದಿನ ಏಳುವುದಿಲ್ಲ. ಬಿಸಿಲಿಲ್ಲ, ಬರೀ ಗಾಳಿ. ತಾರಸಿಯಲ್ಲಿ ಅತ್ತೆಯ ಹಳೇ ವಾಯಿಲ್ ಸೀರೆ ಹಾಸಿ ಸಾಲಾಗಿ ಜೋಡಿಸಿ, ಮೂಲೆಗೆ ಒಂದೊಂದು ಕಲ್ಲು ಇಟ್ಟು ಕೆಳಗೆ ಬಂದೆ. ಮಧ್ಯಾಹ್ನ ನೋಡಿದರೆ ಕಲ್ಲು ಮಾತ್ರ ಇದ್ದವು. ಅಷ್ಟರಲ್ಲಿ ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಇಣುಕಿದರು. "ಅಕ್ಕಾ, ನಿಮ್ಮ ಸೀರೆ, ಟೊಮ್ಯಾಟೊ ಎರಡೂ ನಮ್ಮ ತಾರಸಿಗೆ ಬಂದಿವೆ." ಪಾಪ, ನೀವೇ ಇಟ್ಕೊಳ್ಳಿ ಅಂದೆ. ಆಕೆ ಮುಖದಲ್ಲಿ ನಿಜವಾದ ಭಯ ಕಂಡಿತು. "ಸೀರೆ ಬೇಕಾದ್ರೆ ಇಟ್ಕೊಳ್ತೀನಿ. ಟೊಮ್ಯಾಟೊ ಮಾತ್ರ ಬೇಡ ಅಕ್ಕಾ, ನಮ್ಮನೇಲೇ ಎರಡು ಕ್ರೇಟಿದೆ." ಹತ್ತೇ ನಿಮಿಷದಲ್ಲಿ ಬಕೆಟ್ ತುಂಬಿಸಿ, ಗೇಟಿನ ಒಳಗಿಟ್ಟು, ಬೆಲ್ ಕೂಡ ಮಾಡದೆ ಹೋದರು.

ಗೆದ್ದದ್ದು ಒಂದೇ, ಪಾಸ್ತಾ ಸಾಸ್. ಅದೂ ಸುಸೂತ್ರವಾಗಿ ಅಲ್ಲ. ವಿಡಿಯೊದಲ್ಲಿ ಯಾವುದೋ ಎಲೆ ಹಾಕುತ್ತಿದ್ದರು. ನೋಡಲು ತುಳಸಿಯ ಹಾಗೇ ಇತ್ತು. ಮಗಳು ಸೀದಾ ತುಳಸಿ ಕಟ್ಟೆ ಕಡೆ ಹೊರಟಳು, ಅದೂ ಶುಕ್ರವಾರ. ಅತ್ತೆ ಆಡುವುದು ಕನ್ನಡವೇ, ಸಿಟ್ಟು ಬಂದಾಗ ಮಾತ್ರ ತವರಿನ ತೆಲುಗು. "ಇದೇಂ ಖರ್ಮ!" ಅಂತ ಶುರುವಾದದ್ದು ಬಹಳ ಹೊತ್ತು ನಡೆಯಿತು. ಕೊನೆಗೆ ಕೊತ್ತಂಬರಿ ಹಾಕಿ, ಬೆಳ್ಳುಳ್ಳಿ ಜಾಸ್ತಿ ಮಾಡಿ ಇಳಿಸಿದೆ. ಪಾಸ್ತಾ ಬೆಂದು ಮುದ್ದೆಯಾಗಿತ್ತು. ಅದನ್ನು ಪಕ್ಕಕ್ಕಿಟ್ಟ ಮಾವ, "ಹಿಟ್ಟೇ ಮುದ್ದೆ ಆಗೋದಾದ್ರೆ ರಾಗಿದೇ ಮಾಡು" ಅಂದರು. ಮಾಡಿದೆ. ಬಿಸಿ ಮುದ್ದೆ ಮುರಿದು, ಸಾಸಿನಲ್ಲಿ ಅದ್ದಿ, ಮೇಲೊಂದು ಚಮಚ ತುಪ್ಪ ಹಾಕಿಸಿಕೊಂಡು ನುಂಗಿದರು. "ಗೊಜ್ಜು ಚೆನ್ನಾಗಿದೆಯಮ್ಮಾ. ಹಸಿಮೆಣಸಿನಕಾಯಿ ಎರಡು ಜಾಸ್ತಿ ಬೇಕಿತ್ತು." ಈಗ ಅದು ನಮ್ಮನೆಯಲ್ಲಿ ಇಟಲಿ ಗೊಜ್ಜು. ಒಗ್ಗರಣೆ, ಇಂಗು ಎಲ್ಲ ಸೇರಿದೆ. ಇಟಲಿ ಎಲ್ಲಿ ಉಳಿದಿದೆಯೋ ಗೊತ್ತಿಲ್ಲ.

ಇಷ್ಟೆಲ್ಲ ಆದ ಮೇಲೆ ರೇಟು ಏರಲಿ ಅಂತ ಕೋಲಾರಮ್ಮನಿಗೆ ಹರಕೆ ಹೊತ್ತವಳು ನಾನು. ನನ್ನ ಓರಗಿತ್ತಿಯೂ ಹೊತ್ತಿದ್ದಾಳೆ. ಅವಳಿಗೆ ಬೆಳೆ ಸಾಲ ತೀರಬೇಕು, ನನಗೆ ಅಡುಗೆಮನೆ ಗೋಡೆ ಉಳಿಯಬೇಕು. ಯಾರ ಹರಕೆ ದೊಡ್ಡದು ಅಂತ ಆ ತಾಯಿಗೆ ಗೊತ್ತು.

ಮೊನ್ನೆ ಮೈದುನ ಫೋನ್ ಮಾಡಿದ್ದರು. "ಈ ಸಲ ಟೊಮ್ಯಾಟೊ ಸಹವಾಸ ಬೇಡ ಅತ್ತಿಗೆ, ಎಲೆಕೋಸು ಹಾಕಿದ್ದೀನಿ." ಫೋನ್ ಇಡುವಷ್ಟರಲ್ಲಿ ಮಗಳು ಕೊರಿಯಾದವರ ಕಿಮ್ಚಿ ಹುಡುಕಿಯಾಗಿತ್ತು. "ಈಸಿ ಅಮ್ಮಾ. ಕೋಸಿಗೆ ಉಪ್ಪು ಖಾರ ಹಚ್ಚಿ, ಬಾಟಲಿಗೆ ತುಂಬಿ, ಹುಳಿ ಬರೋವರೆಗೆ ಬಿಡಬೇಕು, ಅಷ್ಟೇ." ಪೇಪರ್ ಓದುತ್ತಿದ್ದ ಇವರು ಮಾತಾಡದೆ ಎದ್ದರು. ಶೆಲ್ಫಿನಲ್ಲಿದ್ದ ಗಾಜಿನ ಬಾಟಲಿಗಳನ್ನೆಲ್ಲ ಚೀಲಕ್ಕೆ ತುಂಬಿ, ಅದೇ ಬೆಳಗ್ಗೆ ಗುಜರಿ ಗಾಡಿಯವನಿಗೆ ಹಾಕಿಬಂದರು. ದುಡ್ಡೂ ಕೇಳಲಿಲ್ಲವಂತೆ.