ಹಾರಿ ಬಂದವನನ್ನು ಹೊಡೆಯುವ ಶಾಸ್ತ್ರ

ಕ್ಯಾಪ್‌ಕಾಮ್ ಕಂಪನಿಯು 2023ರ ಜೂನ್‌ನಲ್ಲಿ ಬಿಡುಗಡೆ ಮಾಡಿದ ಸ್ಟ್ರೀಟ್ ಫೈಟರ್ 6 ಎಂಬ ಹೊಡೆದಾಟದ ವಿಡಿಯೋ ಗೇಮ್‌ನಲ್ಲಿ ಆಟಗಾರರನ್ನು ಅವರವರ ಯೋಗ್ಯತೆಗೆ ತಕ್ಕಂತೆ ರೂಕಿ, ಐರನ್, ಬ್ರಾಂಜ್, ಸಿಲ್ವರ್, ಗೋಲ್ಡ್, ಪ್ಲಾಟಿನಂ, ಡೈಮಂಡ್, ಮಾಸ್ಟರ್ ಎಂಬ ಮೆಟ್ಟಿಲುಗಳ ಮೇಲೆ ಕೂರಿಸುತ್ತಾರೆ. ಕಚೇರಿಯಲ್ಲಿ ಎದುರಾದವರೆಲ್ಲ ಎದ್ದು ನಮಸ್ಕಾರ ಹೇಳುವ ಹುದ್ದೆಗೆ ಬಂದಿರುವ ನಾನು ಇಲ್ಲಿ ಬಹುಕಾಲ ಬ್ರಾಂಜ್‌ನಲ್ಲಿಯೇ ಕುಳಿತಿದ್ದೆ. ಸೇವಾ ಹಿರಿತನಕ್ಕೆ ಈ ಆಟದಲ್ಲಿ ಕಾಸಿನ ಕಿಮ್ಮತ್ತಿಲ್ಲ. ಎದುರಾಳಿಗೆ ಮೀಸೆ ಮೂಡಿದೆಯೋ ಇಲ್ಲವೋ ತಿಳಿಯುವುದಿಲ್ಲ. ಅವನು ಹಾರಿ ಬಂದು ನೆತ್ತಿಯ ಮೇಲೆ ಒದೆಯುತ್ತಾನೆ ಎಂಬುದು ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಆಡುತ್ತಾ ಆಡುತ್ತಾ ಆಟ ತಾನಾಗಿ ಕುದುರುತ್ತದೆ ಎಂಬುದು ಸೋಮಾರಿಗಳ ನಂಬಿಕೆ. ಬಲ್ಲವರು ಹೇಳುವ ಕ್ರಮವೇ ಬೇರೆ: ಒಂದು ಸಲಕ್ಕೆ ಒಂದೇ ದೋಷವನ್ನು ಹಿಡಿದುಕೊಂಡು, ಅದು ಕೈಗೆ ಹತ್ತುವವರೆಗೆ ಗೆಲುವು ಸೋಲಿನ ಕಡೆಗೆ ತಲೆ ಹಾಕದೆ ಅದನ್ನೇ ತಿದ್ದಬೇಕು. ಕೀರ್ತನೆಯ ಆಸೆಯನ್ನು ಬದಿಗಿಟ್ಟು ಸರಳೆ ವರಸೆಗೆ ಕೂರುವ ಶಿಷ್ಯನಂತೆ ನಾನೂ ಒಂದೇ ಪಾಠವನ್ನು ಆರಿಸಿಕೊಂಡೆ. ಹಾರಿ ಬಂದವನನ್ನು ನೆಲ ಮುಟ್ಟುವ ಮೊದಲೇ ಹೊಡೆಯಬೇಕು, ಅಷ್ಟೇ.

ಲೆಕ್ಕ ಹಾಕಿ ನೋಡಿದರೆ ಇದು ಅತ್ಯಂತ ಸುಲಭ. ಆಟ ಸೆಕೆಂಡಿಗೆ 60 ಫ್ರೇಮ್‌ಗಳ, ಎಂದರೆ 60 ಬಿಡಿ ಚಿತ್ರಗಳ, ವೇಗದಲ್ಲಿ ಓಡುತ್ತದೆ. ಎದುರಾಳಿ ಹಾರಿ ಇಳಿಯಲು ಸುಮಾರು 45 ಫ್ರೇಮ್, ಎಂದರೆ ಮುಕ್ಕಾಲು ಸೆಕೆಂಡ್ ತೆಗೆದುಕೊಳ್ಳುತ್ತಾನೆ. ಕಣ್ಣಿಗೆ ಬಿದ್ದದ್ದಕ್ಕೆ ಬೆರಳು ಸ್ಪಂದಿಸಲು ಸಾಧಾರಣ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಸಾಕು. ಉಳಿದ ಅರ್ಧ ಸೆಕೆಂಡಿನಲ್ಲಿ ರ್ಯೂ ಎಂಬ ನನ್ನ ಬಿಳಿ ಬಟ್ಟೆಯ ಯೋಧನಿಂದ ಶೊರ್ಯೂಕೆನ್ ಎಂಬ ಮೇಲ್ಮುಖ ಗುದ್ದನ್ನು ಹೊಡೆಸಬೇಕು. ಅದಕ್ಕೆ ಸ್ಟಿಕ್ಕನ್ನು ಮೊದಲು ಮುಂದಕ್ಕೆ, ಆಮೇಲೆ ಕೆಳಕ್ಕೆ, ಕೊನೆಗೆ ಇವೆರಡರ ನಡುವಿನ ಮೂಲೆಗೆ ತಂದು ಬಟನ್ ಒತ್ತಬೇಕು. ಎದುರಾಳಿ ತಲೆಯ ಮೇಲಿಂದ ಹಾದು ಹಿಂದಕ್ಕೆ ಬಿದ್ದನೆಂದರೆ ಮುಂದಿದ್ದದ್ದು ಹಿಂದಾಗುತ್ತದೆ, ಕೈಯೂ ತಿರುಗಬೇಕು. ಹೆಬ್ಬೆರಳು, ತೋರುಬೆರಳು ಮತ್ತು ಮಣಿಕಟ್ಟು ಪರಸ್ಪರ ಸಮಾಲೋಚನೆ ನಡೆಸಿ ಈ ಕೆಲಸವನ್ನು ಮುಗಿಸುವ ಹೊತ್ತಿಗೆ ನನ್ನ ರ್ಯೂ ಸಾಮಾನ್ಯವಾಗಿ ಅಂಗಾತ ಬಿದ್ದಿರುತ್ತಿದ್ದ.

ಇದಕ್ಕೆಂದೇ ಆಟದೊಳಗೆ ಒಂದು ತರಬೇತಿ ಕೋಣೆ ಇದೆ. ಅಲ್ಲಿ ಬೊಂಬೆಯೊಂದು ನಿಂತಿರುತ್ತದೆ. ನಾವು ಮಾಡಿ ತೋರಿಸಿದ ಚಲನೆಗಳನ್ನು ಅದರಲ್ಲಿ ರೆಕಾರ್ಡ್ ಮಾಡಿಟ್ಟರೆ, ಅವುಗಳಲ್ಲಿ ಯಾವುದನ್ನು ಬೇಕಾದರೂ ಹಿಂದುಮುಂದಿಲ್ಲದೆ ಎತ್ತಿಕೊಂಡು ನಮ್ಮ ಮೇಲೆ ಪ್ರಯೋಗಿಸುತ್ತದೆ. ಪರದೆಯ ಮೇಲೆ ಫ್ರೇಮ್‌ಗಳ ಪಟ್ಟಿಯೊಂದು ಸಾಲು ಚೌಕಗಳಾಗಿ ಓಡುತ್ತದೆ: ಏಟು ಹೊರಡುವ ಮುನ್ನ ಹಸಿರು, ತಾಗುವಾಗ ಕೆಂಪು, ಕೈ ಹಿಂದಕ್ಕೆ ಬರುವಾಗ ನೀಲಿ. ನಮ್ಮ ಆಲಸ್ಯವನ್ನು ಒಂದು ಸೆಕೆಂಡಿನ ಅರವತ್ತನೆಯ ಒಂದು ಭಾಗದವರೆಗೆ ಅಳೆದು ತೋರಿಸುವ ಇಂಥ ಪಟ್ಟಿ ಕಚೇರಿಗಳಲ್ಲಿ ಇಲ್ಲದಿರುವುದು ದೇಶದ ಪುಣ್ಯ. ಬೊಂಬೆ ಬರೀ ಹಾರುತ್ತಿದ್ದಾಗ ಅದನ್ನು ಹೊಡೆಯುವುದನ್ನು ಬೇಗನೆ ಕಲಿತೆ. ಹಾರುವುದರ ಜೊತೆಗೆ ನಡೆಯುವುದನ್ನೂ ಬೆಂಕಿಯುಂಡೆ ಎಸೆಯುವುದನ್ನೂ ಬೆರೆಸಿದಾಗ ನಾಲ್ಕಾರು ಸಂಜೆ ತಡಬಡಾಯಿಸಿ, ಕೊನೆಗೆ ಅದಕ್ಕೂ ಒಗ್ಗಿಕೊಂಡೆ.

ಆಮೇಲೆ ನಿಜವಾದ ಪಂದ್ಯಕ್ಕೆ ಇಳಿದಾಗ ಒಬ್ಬನೂ ಹಾರಲಿಲ್ಲ. ನಾನು ಆಕಾಶ ನೋಡುತ್ತಾ ನಿಂತಿದ್ದರೆ ಎದುರಿನವನು ನೆಲದಲ್ಲಿ ಸಾವಧಾನವಾಗಿ ನಡೆದು ಬಂದು, ಕಾಲಿಗೆ ಅಡ್ಡಗಾಲು ಕೊಟ್ಟು ಬೀಳಿಸಿ, ಎದ್ದ ಕೂಡಲೇ ಹಿಡಿದು ಎಸೆದು, ಮತ್ತೆ ಎಸೆದು, ಮೂರನೆಯ ಸಲವೂ ಎಸೆದ. ಹಿಡಿದು ಎಸೆಯುವ ಪಟ್ಟು ಹೊರಡಲು 5 ಫ್ರೇಮ್ ಸಾಕು. ಅದನ್ನು ಕಣ್ಣಿನಿಂದ ನೋಡಿ ತಡೆಯಲು ಮನುಷ್ಯಮಾತ್ರದವನಿಗೆ ಸಾಧ್ಯವಿಲ್ಲ, ಊಹಿಸಿಯೇ ತಪ್ಪಿಸಿಕೊಳ್ಳಬೇಕು. ಅಭ್ಯಾಸ ಶುರು ಮಾಡುವ ಮುಂಚೆ ಗೆಲ್ಲುತ್ತಿದ್ದ ಪಂದ್ಯಗಳನ್ನೂ ನಾನು ಸೋಲತೊಡಗಿದೆ. ರಜೆಗೆ ಬಂದಿದ್ದ ಅಣ್ಣನ ಮಗ ಇದನ್ನೆಲ್ಲ ನೋಡಿ, ಆಟದಲ್ಲಿಯೇ ಇರುವ ಮಾಡರ್ನ್ ಎಂಬ ಸುಲಭದ ವ್ಯವಸ್ಥೆಗೆ ಬದಲಾಯಿಸಿಕೊಂಡು, ಒಂದು ದಿಕ್ಕು ಮತ್ತು ಒಂದೇ ಬಟನ್ನಿನಿಂದ ಅದೇ ಶೊರ್ಯೂಕೆನ್ ಹೊಡೆದು ತೋರಿಸಿದ. “ಆ ರೀತಿ ಹೊಡೆದರೆ ಏಟಿನ ಬಲದಲ್ಲಿ ಶೇಕಡಾ 20 ಕಡಿತವಾಗುತ್ತದೆ” ಎಂದು ನಾನು ಶಾಸ್ತ್ರ ಹೇಳಿದೆ. “ನಿಮ್ಮದು ಪೂರ್ತಿ ನೂರು ಕಡಿತವಾಗುತ್ತಿದೆಯಲ್ಲ, ಚಿಕ್ಕಪ್ಪ” ಎಂದ.

ಸೋಲುಗಳನ್ನು ಬರೆದಿಟ್ಟು ಕಾರಣ ಹುಡುಕಬೇಕೆಂಬುದೂ ಕ್ರಮಬದ್ಧ ಅಭ್ಯಾಸದ ಒಂದು ನಿಯಮ. ಅದರಂತೆ ನೂರು ಪುಟದ ನೋಟ್‌ಬುಕ್ಕೊಂದನ್ನು ತಂದು ಪ್ರತಿ ರಾತ್ರಿ ಟಿಪ್ಪಣಿ ಬರೆಯತೊಡಗಿದೆ. ಆ ನೋಟ್‌ಬುಕ್ಕು ದಿವಾನದ ಮೇಲಿದ್ದ ಒಂದು ಭಾನುವಾರ, ಮಗಳನ್ನು ನೋಡಿಕೊಂಡು ಹೋಗಲು ಅರಕಲಗೂಡಿನಿಂದ ಬಂದಿದ್ದ ನನ್ನ ಮಾವನವರು, ಪೇಪರ್ ಓದಿ ಮುಗಿಸಿ, ಕೈಗೆ ಸಿಕ್ಕಿದ್ದೆಂದು ಅದನ್ನು ತೆರೆದಿದ್ದಾರೆ. ಅದರಲ್ಲಿ ನನ್ನ ಮುದ್ದಾದ ಅಕ್ಷರಗಳಲ್ಲಿ ಹೀಗಿತ್ತು: “ಬಿದ್ದವನು ಏಳುವಾಗಲೇ ಹಿಡಿದು ಎಸೆಯುವುದು. ಎರಡನೆಯ ಸಲಕ್ಕೆ ಅವನಿಗೆ ಅನುಮಾನ ಬರುತ್ತದೆ. ಆಗ ಹೊಟ್ಟೆಗೆ ಗುದ್ದುವುದು. ಗೋಡೆಯ ಮೂಲೆಗೆ ಒತ್ತಿದ ಮೇಲೆ ಆತುರ ಬೇಡ. ಹೆಂಗಸಾದರೆ ಕಾಲಿನ ಬಗ್ಗೆ ಜಾಗ್ರತೆ.” ಈ ಕೊನೆಯ ವಾಕ್ಯ ಚುನ್ ಲೀ ಎಂಬ ಪಾತ್ರದ ಉದ್ದನೆಯ ಒದೆತಗಳಿಗೆ ಸಂಬಂಧಿಸಿದ್ದು. ಮಾವನವರು ನಿವೃತ್ತ ಉಪಾಧ್ಯಾಯರು, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಇನ್ನೊಮ್ಮೆ ಓದಿದರು. ಊಟದ ಹೊತ್ತಿನಲ್ಲಿ ಮಗಳ ತೋಳುಗಳನ್ನು ಎರಡು ಮೂರು ಸಲ ಪರೀಕ್ಷಿಸುವಂತೆ ನೋಡಿದ್ದು ನನಗೆ ಆಗ ಅರ್ಥವಾಗಲಿಲ್ಲ. ಹೊರಡುವಾಗ ಮಾತ್ರ ನನ್ನನ್ನು ಜಗುಲಿಯ ಕಡೆ ಕರೆದು, “ಅಳಿಯಂದಿರೇ, ಕಚೇರಿಯಲ್ಲಿ ಒತ್ತಡ ಜಾಸ್ತಿ ಇದ್ದರೆ ನಾಲ್ಕು ದಿನ ನಮ್ಮ ಊರಿಗೆ ಬಂದಿರಿ, ತೋಟದಲ್ಲಿ ಓಡಾಡಿದರೆ ಮನಸ್ಸು ಹಗುರಾಗುತ್ತದೆ” ಎಂದರು. ನಾನು ಟಿವಿ ಹಾಕಿ ಬೊಂಬೆಯನ್ನು ತೋರಿಸಿ ವಿವರಿಸಿದೆ. ಅವರು ನಂಬಿದರು, ಆದರೆ ನಂಬಿದ ಮೇಲೆ ಅವರ ಕಣ್ಣಿನಲ್ಲಿ ನನ್ನ ಬಗ್ಗೆ ಇದ್ದ ಭಯ ಹೋಗಿ ಅದರ ಜಾಗದಲ್ಲಿ ಬಂದದ್ದನ್ನು ಗೌರವವೆನ್ನಲಾಗದು.

ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎಂಬ ಪ್ರಶ್ನೆ ಸಹಜವಾಗಿಯೇ ಮನೆಯಲ್ಲಿ ಎದ್ದಿತು. ನನ್ನಲ್ಲಿ ಉತ್ತರ ಸಿದ್ಧವಿತ್ತು: ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 2023ರಲ್ಲಿ ಸ್ಟ್ರೀಟ್ ಫೈಟರ್ 5 ಆಟದ ಚಿನ್ನದ ಪದಕ ಗೆದ್ದ ದಕ್ಷಿಣ ಕೊರಿಯಾದ ಕಿಮ್ ಗ್ವಾನ್ ವೂ ಅವರ ವಯಸ್ಸು ಆಗ 44. ಹೆಂಡತಿ ಈ ಸಂಗತಿಯನ್ನು ಗಂಭೀರವಾಗಿ ಕೇಳಿಸಿಕೊಂಡು, “ಅವರ ಮನೆಯಲ್ಲಿ ಗ್ಯಾಸ್ ಬುಕ್ ಮಾಡುವವರು ಯಾರಂತೆ?” ಎಂದಳು.

ಆದರೆ ನನ್ನ ಆಟದ ನಿಜವಾದ ತೊಡಕನ್ನು ಬಿಡಿಸಿದವಳೂ ಅವಳೇ. ನೋಟ್‌ಬುಕ್ಕಿನ ಪುಟಗಳನ್ನು ತಿರುವಿದಾಗ ಒಂದು ಸಂಗತಿ ಸ್ಪಷ್ಟವಾಗಿತ್ತು: ನನ್ನ ಬೆರಳು ನಿಧಾನವಲ್ಲ, ಗಮನ ಬೇರೆ ಕಡೆ ಇರುತ್ತದೆ. ಬೆಂಕಿಯುಂಡೆ ಬರುತ್ತದೆಯೋ, ಹಿಡಿದು ಎಸೆಯುತ್ತಾನೋ, 26 ಫ್ರೇಮ್‌ಗಳ ನಂತರ ಬಂದು ತಾಗುವ ಡ್ರೈವ್ ಇಂಪ್ಯಾಕ್ಟ್ ಎಂಬ ಭಾರೀ ಏಟನ್ನು ಬಿಡುತ್ತಾನೋ ಎಂದು ಎಲ್ಲವನ್ನೂ ಒಟ್ಟಿಗೆ ಕಾಯುತ್ತಿರುವ ಮನಸ್ಸಿಗೆ ಹಾರಿದವನು ತಡವಾಗಿಯೇ ಕಾಣಿಸುತ್ತಾನೆ. ಹೊಡೆತ ಯೋಚನೆಯನ್ನೇ ಬೇಡದಷ್ಟು ರೂಢಿಯಾದರೆ ಮಾತ್ರ ಗಮನ ಬಿಡುವಾಗುತ್ತದೆ. ಆದ್ದರಿಂದ ನಾನು ಬೊಂಬೆಯೊಂದಿಗೆ ಸೆಣಸುವಾಗ ಏನಾದರೂ ಪ್ರಶ್ನೆ ಕೇಳುತ್ತಿರಬೇಕೆಂದು ಹೆಂಡತಿಯನ್ನು ಕೋರಿಕೊಂಡೆ. ನಾನು ಉತ್ತರವನ್ನೂ ಕೊಡಬೇಕು, ಹಾರಿದವನನ್ನೂ ಹೊಡೆಯಬೇಕು ಎಂಬುದು ಕಟ್ಟಳೆ.

ಮೊದಮೊದಲು ಆಕೆ ಮಗ್ಗಿ ಕೇಳಿದಳು, ಆಮೇಲೆ ದಿನಸಿಯ ಪಟ್ಟಿ ಓದಿದಳು. ಹಾರಿದ ಬೊಂಬೆಗಳು ಒಂದೊಂದಾಗಿ ಕೆಳಗೆ ಬೀಳತೊಡಗಿದವು, ಪಂದ್ಯಗಳಲ್ಲಿಯೂ ಕೈ ತಾನಾಗಿ ಏಳತೊಡಗಿತು, ಇಷ್ಟರಲ್ಲೇ ಸಿಲ್ವರ್‌ಗೂ ಏರಿದೆ. ಆ ಸಂಭ್ರಮದಲ್ಲಿದ್ದಾಗ ಹಾಸನದಲ್ಲಿರುವ ಅವಳ ಚಿಕ್ಕಮ್ಮನ ಮನೆಯ ಗೃಹಪ್ರವೇಶಕ್ಕೆ ಹಿಂದಿನ ದಿನವೇ ಹೋಗಿ ಅಡುಗೆಯ ಉಸ್ತುವಾರಿ ನೋಡಿಕೊಳ್ಳಲು ನಾನು ಒಪ್ಪಿದ್ದೇನೆಂದು ತಿಳಿದುಬಂತು. ಹೌದೆಂದು ನಾನೇ ಹೇಳಿದ್ದೇನಂತೆ, ರೆಕಾರ್ಡಿಂಗ್ ಕೂಡ ಇದೆ. ಮನೆಗೆ ಬಣ್ಣ ಹೊಡೆಸುವುದು, ಹಳೆಯ ಸ್ಕೂಟರ್ ಮಾರುವುದು, ಭಾನುವಾರದ ತಿಂಡಿ ನನ್ನದೆಂಬುದು, ಎಲ್ಲವೂ ಇದೇ ಮಾರ್ಗದಲ್ಲಿ ಅನುಮೋದನೆ ಪಡೆದಿವೆ. ಅವಳ ಅಭ್ಯಾಸ ನನ್ನದಕ್ಕಿಂತ ಕ್ರಮಬದ್ಧವಾಗಿದೆ. ನೆಲದಲ್ಲಿ ಓಡಾಟ ನಡೆದಿರುವಾಗ ಸುಮ್ಮನೆ ಮೆಂತ್ಯ ಸೊಪ್ಪು ಬಿಡಿಸುತ್ತಾ ಕುಳಿತಿದ್ದು, ಬೊಂಬೆಯ ಕಾಲು ನೆಲ ಬಿಟ್ಟ ಕೂಡಲೇ ಪ್ರಶ್ನೆಯನ್ನು ಎಸೆಯುತ್ತಾಳೆ, ಅದು ಇಳಿಯುವುದರೊಳಗೆ ನನ್ನಿಂದ ಹೌದೆನ್ನಿಸಿಕೊಂಡಿರುತ್ತಾಳೆ.