ಗೇರ್ ಬೀಳದಿದ್ದರೆ ದಪ್ಪ ಎಣ್ಣೆ ಹಾಕಬೇಕೇ? ಒಂದು ಸ್ಪಷ್ಟನೆ

ಶಿರಸಿ, ಬನವಾಸಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಲಹೆ ಓಡಾಡುತ್ತಿದೆ: 'ಹಳೆ ಟ್ರ್ಯಾಕ್ಟರ್‌ಗೆ ಗೇರ್ ಕರಕರ ಅಂದರೆ 140 ಗ್ರೇಡ್‌ನ ದಪ್ಪ ಗೇರ್ ಎಣ್ಣೆ ಸುರಿಯಿರಿ, ಸರಿಯಾಗುತ್ತದೆ.' ಇದು ತಪ್ಪು.

ಮೊದಲು ಎಂಜಿನ್ ನಿಲ್ಲಿಸಿ ಗೇರ್ ಹಾಕಿ ನೋಡಿ. ಆಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಕರಕರ ಅಂದರೆ ಹೆಚ್ಚಾಗಿ ತೊಂದರೆ ಕ್ಲಚ್‌ನಲ್ಲಿರುತ್ತದೆ. ಪೆಡಲ್ ಪೂರ್ತಿ ಒತ್ತಿದರೂ ಕ್ಲಚ್ ಎಂಜಿನ್‌ನಿಂದ ಗೇರ್‌ಬಾಕ್ಸನ್ನು ಪೂರ್ತಿ ಬಿಡಿಸುತ್ತಿಲ್ಲ ಅಂತ ಅರ್ಥ. ಪೆಡಲ್‌ನ ಪ್ಲೇ (ಕ್ಲಚ್ ಹಿಡಿತಕ್ಕೆ ಸಿಗುವ ಮೊದಲು ಪೆಡಲ್ ಸುಮ್ನೆ ಇಳಿಯುವ ದೂರ) ಜಾಸ್ತಿಯಾಗಿದ್ದರೆ ಕೈಪಿಡಿಯಲ್ಲಿರುವ ಅಳತೆಗೆ ಹೊಂದಿಸಿದರೆ ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ಸುಮ್ನೆ ಗೇರ್‌ಬಾಕ್ಸ್ ಬಿಚ್ಚಿಸಬೇಡಿ! ಎಂಜಿನ್ ನಿಂತಾಗಲೂ ಬೀಳದಿದ್ದರೆ ಗೇರ್ ಲಿವರ್, ಒಳಗೆ ಗೇರ್ ಸರಿಸುವ ಫೋರ್ಕ್ ನೋಡಿಸಿ.

ದಪ್ಪ ಎಣ್ಣೆಯಿಂದ ಸವೆದ ಹಲ್ಲು ಬೆಳೆಯುವುದಿಲ್ಲ. ಅದಕ್ಕಿಂತ ಮುಖ್ಯ, ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಗೇರ್, ಹೈಡ್ರಾಲಿಕ್, ಎಣ್ಣೆಯಲ್ಲಿ ಮುಳುಗಿದ ಬ್ರೇಕ್ ಮೂರಕ್ಕೂ ಒಂದೇ ಎಣ್ಣೆ. ಅಲ್ಲಿ ಬೇರೆ ಎಣ್ಣೆ ಬೆರೆಸಿದರೆ ಲಿಫ್ಟ್, ಬ್ರೇಕ್ ಎರಡೂ ಕೆಡಬಹುದು.

ನಮ್ಮ ಮಳೆಗೆ ಇನ್ನೊಂದು ಮಾತು. ಲಿವರ್ ಬುಡದ ರಬ್ಬರ್ ಹರಿದಿದ್ದರೆ ನೀರು ಒಳಗಿಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ (ಎಣ್ಣೆ ಮಟ್ಟ ನೋಡುವ ಕಡ್ಡಿ) ಎಣ್ಣೆ ಹಾಲು ಬೆರೆಸಿದ ಚಹಾದಂತೆ ಕಂಡರೆ ಪೂರ್ತಿ ಬದಲಿಸಿ. ಹಳೆ ಗಾಡಿ ಕೊಳ್ಳುವವರು ಇದನ್ನು ಮೊದಲೇ ನೋಡಬೇಕು, ಅಲ್ವಾ?